ಗಡಿಯಲ್ಲಿ ಕಾಯುವವರಿಗೂ ಒಂದು ಗಡುವು ಬೇಕು

2008ರ ಫೆಬ್ರುವರಿ 10ರಂದು ಲಾಸ್ ಏಂಜಲೀಸ್‌ನಲ್ಲಿ ಗ್ರ್ಯಾಮಿ ಪ್ರಶಸ್ತಿಯ ಐವತ್ತನೇ ಸಮಾರಂಭ ನಡೆಯಿತು. ಅಂದು ಐದು ಪ್ರಶಸ್ತಿ ಗೆದ್ದ ಆಮಿ ವೈನ್‌ಹೌಸ್ ಮಾತ್ರ ಲಂಡನ್ನಿನ ಒಂದು ಸ್ಟುಡಿಯೋದಲ್ಲಿದ್ದರು. ಅಲ್ಲಿಂದಲೇ ಉಪಗ್ರಹದ ಮೂಲಕ ಹಾಡಿದರು. ಹಿಂದಿನ ಅಕ್ಟೋಬರಿನಲ್ಲಿ ನಾರ್ವೆಯಲ್ಲಿ ಗಾಂಜಾ ಇಟ್ಟುಕೊಂಡಿದ್ದಕ್ಕೆ ಅವರಿಗೆ ದಂಡ ಬಿದ್ದಿತ್ತು. ಮಾದಕ ವಸ್ತುವಿನ ಕಾರಣ ಕೊಟ್ಟು ಅಮೆರಿಕದ ರಾಯಭಾರ ಕಚೇರಿ ಮೊದಲು ವೀಸಾ ನಿರಾಕರಿಸಿತು. ಸಮಾರಂಭಕ್ಕೆ ಇನ್ನೆರಡು ದಿನವಿದೆ ಎನ್ನುವಾಗ ಮನಸ್ಸು ಬದಲಿಸಿ ಕೊಟ್ಟಿತು. ಅಷ್ಟು ಹೊತ್ತಿಗೆ ಹೊರಡುವ ಸಮಯ ಮೀರಿತ್ತು.

ವೈನ್‌ಹೌಸ್ ಹೆಸರಾಂತ ಗಾಯಕಿ. ಅವರ ಬೆನ್ನಿಗೆ ದೊಡ್ಡ ರೆಕಾರ್ಡಿಂಗ್ ಕಂಪನಿಯಿತ್ತು, ಜಗತ್ತಿನ ಪತ್ರಿಕೆಗಳ ಕಣ್ಣಿತ್ತು. ಅವರ ಅರ್ಜಿ ನಿರಾಕರಣೆಯಿಂದ ಒಪ್ಪಿಗೆಗೆ ಒಂದೇ ದಿನದಲ್ಲಿ ತಿರುಗಿತು. ಹಳೆಯದೊಂದು ಅಪರಾಧದ ದಾಖಲೆಯಿರುವ, ಕೆನಡಾದ ಒಂಟಾರಿಯೊದ ಯಾವುದೋ ಊರಿನ ಲಾರಿ ಚಾಲಕನಿಗೆ, ಹರೆಯದಲ್ಲಿ ಅಂಗಡಿಯಲ್ಲಿ ಕದ್ದು ಸಿಕ್ಕಿಬಿದ್ದು ಈಗ ಮೊಮ್ಮಕ್ಕಳನ್ನು ಕಂಡಿರುವ ಹೆಂಗಸಿಗೆ ಆ ಭಾಗ್ಯವಿಲ್ಲ. ಅವರು ಕಾಯುತ್ತಾರೆ. ತಿಂಗಳುಗಟ್ಟಲೆ ಕಾಯುತ್ತಾರೆ, ಕೆಲವರು ವರ್ಷ ತುಂಬಿದರೂ ಕಾಯುತ್ತಾರೆ. ಅವರು ಕೇಳುತ್ತಿರುವುದು ಅಮೆರಿಕದ ಪೌರತ್ವವನ್ನಲ್ಲ. ಮಗಳ ಮದುವೆಗೆ ಹೋಗಿ ಬರುವ ಅನುಮತಿಯನ್ನು, ಸರಕು ಇಳಿಸಿ ಸಂಜೆಗೆ ಮನೆಗೆ ಮರಳುವ ಅನುಮತಿಯನ್ನು.

ತನ್ನ ಬಾಗಿಲಲ್ಲಿ ಯಾರನ್ನು ತಡೆಯಬೇಕೆಂಬುದು ಆಯಾ ದೇಶದ ಹಕ್ಕು. ಅದರ ಬಗ್ಗೆ ತಕರಾರಿಲ್ಲ. ಆದರೆ ಬಾಗಿಲು ತಟ್ಟಿದವರಿಗೆ ಇಂತಿಷ್ಟು ದಿನದೊಳಗೆ ಉತ್ತರ ಹೇಳುವುದು ಅದೇ ದೇಶದ ಕರ್ತವ್ಯ. ಹಕ್ಕನ್ನು ಇಟ್ಟುಕೊಂಡು ಕರ್ತವ್ಯವನ್ನು ಬಿಟ್ಟರೆ, ಯಾವ ನ್ಯಾಯಾಧೀಶರೂ ವಿಧಿಸದ ಶಿಕ್ಷೆಯೊಂದು ಹುಟ್ಟಿಕೊಳ್ಳುತ್ತದೆ. ಅಮೆರಿಕ ಮತ್ತು ಕೆನಡಾದ ಗಡಿಯಲ್ಲಿ ಆಗಿರುವುದು ಇದೇ.

ಕೆನಡಾದ ಪ್ರಜೆಗಳಿಗೆ ಅಮೆರಿಕಕ್ಕೆ ಪ್ರವಾಸ ಹೋಗಲು ವೀಸಾ ಬೇಕಿಲ್ಲ. ಪಾಸ್‌ಪೋರ್ಟ್ ತೋರಿಸಿದರೆ ಸಾಕು. ಈ ಸಲುಗೆಯಲ್ಲೇ ತೊಡಕೂ ಇದೆ. ವೀಸಾ ಬೇಕಾದವರಿಗೆ ತಮ್ಮ ಹಳೆಯ ದಾಖಲೆ ಅಡ್ಡ ಬರುತ್ತದೆಂಬುದು ಊರಿನಲ್ಲೇ, ರಾಯಭಾರ ಕಚೇರಿಯ ಕಿಟಕಿಯಲ್ಲೇ ಗೊತ್ತಾಗುತ್ತದೆ. ಕೆನಡಾದವರಿಗೆ ಅದು ಗೊತ್ತಾಗುವುದು ಗಡಿಯಲ್ಲಿ, ಹಿಂದಿನ ಸೀಟಿನಲ್ಲಿ ಮಕ್ಕಳನ್ನು ಕೂರಿಸಿಕೊಂಡಿರುವಾಗ. ವಿಮಾನದಲ್ಲಿ ಹೋಗುವವರಿಗೆ ಗಡಿ ಇನ್ನೂ ಹತ್ತಿರ: ಟೊರಾಂಟೊ, ವ್ಯಾಂಕೂವರ್, ಮಾಂಟ್ರಿಯಲ್, ಕ್ಯಾಲ್ಗರಿಯಂಥ ವಿಮಾನ ನಿಲ್ದಾಣಗಳ ಒಳಗೇ ಅಮೆರಿಕದ ಅಧಿಕಾರಿಗಳು ಕೂತು ತಪಾಸಣೆ ಮಾಡುತ್ತಾರೆ. ಬೆರಳಚ್ಚು ತೆಗೆದು, ಇನ್ನು ವೇವರ್, ಅಂದರೆ ಹಳೆಯ ಅಪರಾಧವಿದ್ದರೂ ಒಳಗೆ ಬಿಡುವ ವಿಶೇಷ ಅನುಮತಿ, ಇಲ್ಲದೆ ಬರಬೇಡಿ ಎಂದು ಹೇಳಿ ಕಳಿಸುತ್ತಾರೆ.

ಹಿಂದೆ ಇಷ್ಟು ಬಿಗಿ ಇರಲಿಲ್ಲ. ಸೇತುವೆ ದಾಟುವವರನ್ನು ಎಲ್ಲಿಯವರು, ಎಲ್ಲಿಗೆ ಎಂದು ಕೇಳಿ ಬಿಡುತ್ತಿದ್ದ ಕಾಲವಿತ್ತು. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಎರಡೂ ದೇಶಗಳ ಕಂಪ್ಯೂಟರುಗಳು ಮಾತಾಡಿಕೊಳ್ಳುವುದು ಹೆಚ್ಚಿತು. 2009ರ ಜೂನ್ 1ರಿಂದ ರಸ್ತೆ ಗಡಿಯಲ್ಲೂ ಪಾಸ್‌ಪೋರ್ಟ್ ಅಥವಾ ಅದಕ್ಕೆ ಸಮನಾದ ದಾಖಲೆ ಕಡ್ಡಾಯವಾಯಿತು. ಎಪ್ಪತ್ತರ ದಶಕದಲ್ಲಿ ಒಂದು ಸಣ್ಣ ಅಪರಾಧ ಮಾಡಿ, ದಂಡ ಕಟ್ಟಿ, ಆಮೇಲೆ ಮೂವತ್ತು ವರ್ಷ ಯಾವ ಅಡ್ಡಿಯೂ ಇಲ್ಲದೆ ಗಡಿ ದಾಟುತ್ತಿದ್ದವರು ಮುಪ್ಪಿನಲ್ಲಿ ಒಂದು ದಿನ ತಡೆಯಲ್ಪಟ್ಟರು. ಅವರು ಹೊಸದಾಗಿ ಏನನ್ನೂ ಮಾಡಿರಲಿಲ್ಲ. ಬದಲಾಗಿದ್ದು ಪರದೆಯ ಮೇಲೆ ಕಾಣುವ ಮಾಹಿತಿ.

ತಡೆಯುವ ಕಾನೂನು ಅಮೆರಿಕದ 1952ರ ವಲಸೆ ಮತ್ತು ಪೌರತ್ವ ಕಾಯ್ದೆ. ಅದರ 212ನೇ ಸೆಕ್ಷನ್ನಿನಲ್ಲಿ ಯಾರು ಯಾರಿಗೆ ಪ್ರವೇಶವಿಲ್ಲ ಎಂಬ ಉದ್ದನೆಯ ಪಟ್ಟಿಯಿದೆ. ನೈತಿಕ ಅಧಃಪತನದ ಅಪರಾಧ, ಅಂದರೆ ಕಳವು, ವಂಚನೆಯಂಥವು, ಅದರಲ್ಲಿ ಒಂದು. ಮಾದಕ ವಸ್ತುವಿನ ಅಪರಾಧ ಇನ್ನೊಂದು. ಗರಿಷ್ಠ ಶಿಕ್ಷೆ ಒಂದು ವರ್ಷ ಮೀರದ, ಆರು ತಿಂಗಳಿಗಿಂತ ಹೆಚ್ಚು ಜೈಲು ಬೀಳದ ಒಂದೇ ಒಂದು ಸಣ್ಣ ಅಪರಾಧಕ್ಕೆ ರಿಯಾಯಿತಿ ಉಂಟು. ಹದಿನೆಂಟು ತುಂಬುವ ಮೊದಲು ಮಾಡಿದ್ದಕ್ಕೂ ಸ್ವಲ್ಪ ಸಡಿಲಿಕೆ ಇದೆ. ಮಾದಕ ವಸ್ತುವಿಗೆ ಆ ಸಣ್ಣ ಅಪರಾಧದ ರಿಯಾಯಿತಿಯಿಲ್ಲ. ಈ ತಡೆಗಳಿಗೆ ಕಾಲದ ಮಿತಿ ಇಲ್ಲದಿರುವುದೇ ಮುಖ್ಯ ಸಂಗತಿ. ಇಪ್ಪತ್ತೊಂದನೇ ವಯಸ್ಸಿನ ತಪ್ಪು ಎಪ್ಪತ್ತೊಂದರಲ್ಲೂ ಹೊಸದಾಗಿಯೇ ಇರುತ್ತದೆ. ಕುಡಿದು ಗಾಡಿ ಓಡಿಸಿದ ಒಂದು ಸಾದಾ ಪ್ರಕರಣ ಮಾತ್ರ ಈ ಪಟ್ಟಿಗೆ ಸೇರುವುದಿಲ್ಲ. ಹಾಗೆ ಪಟ್ಟಿಗೆ ಸೇರದ ಅಪರಾಧ ಉಳ್ಳವರಿಗೆ ವೇವರ್ ಅಗತ್ಯವಿಲ್ಲವೆಂದು ಬರೆದುಕೊಡುವ ಕಾಗದಕ್ಕೆ ಸೆಪ್ಟೆಂಬರ್ ಲೆಟರ್ ಎನ್ನುತ್ತಾರೆ. ಅದು ಸಿಕ್ಕವರು ಅದನ್ನು ಪಾಸ್‌ಪೋರ್ಟಿನ ಜೊತೆಗೇ ಇಟ್ಟುಕೊಂಡು ಓಡಾಡುತ್ತಾರೆ.

ಉಳಿದವರ ಪಾಲಿಗೆ ವೇವರ್ ಕೋರುವ ಐ-192 ಎಂಬ ಅರ್ಜಿ. ಅದರ ಜೊತೆ ಕೆನಡಾದ ಆರ್‌ಸಿಎಂಪಿ ಪೊಲೀಸರಿಂದ ಬೆರಳಚ್ಚು ಸಹಿತ ದೃಢೀಕರಿಸಿದ ಅಪರಾಧ ದಾಖಲೆ ಬೇಕು. ಶಿಕ್ಷೆ ಕೊಟ್ಟ ಕೋರ್ಟಿನ ಕಾಗದಗಳು ಬೇಕು. ನಲವತ್ತು ವರ್ಷ ಹಿಂದಿನ ಕಡತ ನಾಶವಾಗಿದ್ದರೆ, ನಾಶವಾಗಿದೆ ಎಂಬ ಪತ್ರವನ್ನು ಅದೇ ಕೋರ್ಟಿನಿಂದ ತರಬೇಕು. ನಡೆದದ್ದೇನು, ಆಮೇಲೆ ಬದುಕು ಹೇಗೆ ಬದಲಾಯಿತು ಎಂದು ತಮ್ಮದೇ ಮಾತಿನಲ್ಲಿ ಬರೆದು ಸಹಿ ಹಾಕಬೇಕು. ಕೆಲಸ ಕೊಟ್ಟವರ, ಪರಿಚಯಸ್ಥರ ಪತ್ರ ಸೇರಿಸಬೇಕು. ಶುಲ್ಕ 1,100 ಅಮೆರಿಕನ್ ಡಾಲರ್. ಅರ್ಜಿ ತಿರಸ್ಕೃತವಾದರೂ ವಾಪಸು ಬರುವುದಿಲ್ಲ. ಇ-ಸೇಫ್ ಎಂಬ ಜಾಲತಾಣದಲ್ಲಿ ಸಲ್ಲಿಸಿದವರು 45 ದಿನದೊಳಗೆ ನಿಗದಿತ ಗಡಿ ಠಾಣೆಗೆ ಹೋಗಿ ಬೆರಳಚ್ಚು ಕೊಡಬೇಕು. ಅರ್ಜಿದಾರರಿಗೆ ಹೀಗೆ ಗಡುವಿದೆ.

ಅಲ್ಲಿಂದ ಕಡತ ಅಡ್ಮಿಸಿಬಿಲಿಟಿ ರಿವ್ಯೂ ಆಫೀಸ್ ಎಂಬ ಕಚೇರಿಗೆ ಹೋಗುತ್ತದೆ. ಆ ಕಚೇರಿಗೆ ಗಡುವಿಲ್ಲ. ಆರು ತಿಂಗಳೋ ಅದಕ್ಕಿಂತ ಹೆಚ್ಚೋ ಆಗಬಹುದೆಂದು ಮೊದಲೇ ತಿಳಿಸುತ್ತಾರೆ, ಅಷ್ಟೆ. ಆ 'ಹೆಚ್ಚು' ಎಷ್ಟೆಂದು ಯಾರೂ ಹೇಳುವುದಿಲ್ಲ. ಕೊನೆಗೆ ಅನುಮತಿ ಸಿಕ್ಕರೂ ಅದರ ಗರಿಷ್ಠ ಅವಧಿ ಐದು ವರ್ಷ. ಮೊದಲ ಸಲ ಒಂದೇ ವರ್ಷಕ್ಕೆ ಕೊಟ್ಟದ್ದೂ ಉಂಟು. ಒಂದು ವರ್ಷದ ಅನುಮತಿ ಸಿಕ್ಕವರು ಅದರ ಅರ್ಧದಲ್ಲೇ ಮುಂದಿನ ಅರ್ಜಿಯ ಕಾಗದ ಜೋಡಿಸಲು ಕೂರಬೇಕು. ಮತ್ತೆ ಬೆರಳಚ್ಚು, ಮತ್ತೆ ಶುಲ್ಕ. ಹೊಸದು ಬರುವ ಮೊದಲು ಹಳೆಯದರ ಅವಧಿ ಮುಗಿದರೆ ನಡುವಿನ ದಿನಗಳಲ್ಲಿ ಗಡಿ ಮುಚ್ಚಿದಂತೆಯೇ. ಲಾರಿ ಚಾಲಕನಾದರೆ ಆ ನಡುವಿನ ತಿಂಗಳುಗಳಲ್ಲಿ ಅಮೆರಿಕದ ಬಾಡಿಗೆ ಕೈತಪ್ಪುತ್ತದೆ, ಆ ಕಂತು ಈ ಕಂತು ಬಾಕಿ ಬೀಳುತ್ತದೆ.

ಅನುಮತಿ ಕೊಡಲು ನೋಡಬೇಕಾದ ಅಂಶಗಳು ಗುಟ್ಟಾಗಿ ಉಳಿದಿಲ್ಲ. ಅಮೆರಿಕದ ವಲಸೆ ಮೇಲ್ಮನವಿ ಮಂಡಳಿ 1978ರಲ್ಲೇ ಅವನ್ನು ಮೂರೇ ಮಾತಿನಲ್ಲಿ ಹೇಳಿದೆ: ಈ ವ್ಯಕ್ತಿಯನ್ನು ಒಳಗೆ ಬಿಟ್ಟರೆ ಸಮಾಜಕ್ಕೆ ಅಪಾಯವೆಷ್ಟು, ಹಿಂದಿನ ತಪ್ಪು ಎಷ್ಟು ಗಂಭೀರ, ಬರಲು ಕಾರಣವೇನು. ಆ ಪ್ರಕರಣದ ಅರ್ಜಿದಾರಳು ಕೆನಡಾದ ಒಬ್ಬ ಹೆಣ್ಣುಮಗಳು, ಹಿಂದೆ ಗಡೀಪಾರಾಗಿದ್ದವಳು, ನೆಂಟರನ್ನು ನೋಡಿ ಬರುವ ಆಸೆಯಿದ್ದವಳು. ಕಾರಣ ತೀರಾ ಅನಿವಾರ್ಯವೇ ಆಗಿರಬೇಕಿಲ್ಲವೆಂದು ಮಂಡಳಿ ತೀರ್ಮಾನಿಸಿ ಅವಳಿಗೆ ಅನುಮತಿ ಕೊಟ್ಟಿತು. ಇಷ್ಟು ಮಾನವೀಯವಾದ ಮಾನದಂಡ ಇಷ್ಟು ವರ್ಷಗಳಿಂದ ಕೈಯಲ್ಲಿದೆ. ಮೂರು ಪ್ರಶ್ನೆಗೆ ಉತ್ತರ ಹುಡುಕಲು ಅವಧಿ ನಿಗದಿ ಮಾಡುವುದು ಯಾಕೆ ಕಷ್ಟ?

ಆಗುವುದಿಲ್ಲ ಎನ್ನುವವರಿಗೆ ಅಮೆರಿಕದ ವಲಸೆ ವ್ಯವಸ್ಥೆಯೇ ಉತ್ತರ ಕೊಡುತ್ತದೆ. ಬೆಂಗಳೂರಿನ ಐಟಿ ಮನೆಗಳಲ್ಲಿ ಎಚ್-1ಬಿ ಎಂಬ ಉದ್ಯೋಗ ವೀಸಾದ ಹೆಸರು ಎಲ್ಲರಿಗೂ ಗೊತ್ತು. ಆ ಅರ್ಜಿಗೆ ಪ್ರೀಮಿಯಂ ಶುಲ್ಕ ಕಟ್ಟಿದರೆ ಕೆಲಸದ 15 ದಿನಗಳೊಳಗೆ ಇಲಾಖೆ ಏನಾದರೊಂದು ಕ್ರಮ ಕೈಗೊಳ್ಳಬೇಕು. ತಪ್ಪಿದರೆ ಆ ಶುಲ್ಕ ಹಿಂತಿರುಗಿಸುತ್ತದೆ. ಅದೇ ಎಚ್-1ಬಿ ನೌಕರ ಅವಧಿ ಮುಗಿಯುವ ಮೊದಲೇ ವಿಸ್ತರಣೆಗೆ ಅರ್ಜಿ ಹಾಕಿದ್ದರೆ, ತೀರ್ಮಾನ ಬಾಕಿ ಇರುವಾಗಲೂ ಅದೇ ಕಂಪನಿಯಲ್ಲಿ 240 ದಿನದವರೆಗೆ ಕೆಲಸ ಮುಂದುವರಿಸಬಹುದು. ಕಂಪನಿಗಳಿಗೆ ನಷ್ಟವಾಗಬಾರದೆಂದು ಮಾಡಿದ ಈ ಎರಡು ಏರ್ಪಾಟು ವೇವರ್ ಅರ್ಜಿಗೂ ಬಂದರೆ ಅರ್ಧ ಸಂಕಟ ಕರಗುತ್ತದೆ. ಶಿಕ್ಷೆ ಅನುಭವಿಸಿ ಮುಗಿಸಿದವರ ಪರವಾಗಿ ಲಾಬಿ ಮಾಡುವ ಉದ್ಯಮವಿಲ್ಲ ಎಂಬುದೇ ಅದು ಬಾರದಿರಲು ಕಾರಣವಿರಬೇಕು.

ಪಕ್ಕದ ಕೆನಡಾದಲ್ಲೂ ಒಂದು ಉದಾಹರಣೆ ಇದೆ. ಅಲ್ಲಿ ಅಪರಾಧ ದಾಖಲೆಯನ್ನು ಬದಿಗಿಡುವ ಕ್ರಮಕ್ಕೆ ಹಿಂದೆ ಕ್ಷಮಾದಾನ ಎನ್ನುತ್ತಿದ್ದರು. 2012ರಿಂದ ಅದರ ಹೆಸರು ದಾಖಲೆ ಅಮಾನತು. ಅದೇ ವರ್ಷ ಶುಲ್ಕ 631 ಡಾಲರಿಗೆ ಏರಿತು, ಕಾಯಬೇಕಾದ ವರ್ಷಗಳೂ ಹೆಚ್ಚಿದವು: ಸಣ್ಣ ಅಪರಾಧಕ್ಕೆ ಐದು, ದೊಡ್ಡದಕ್ಕೆ ಹತ್ತು. ಬಡವರು ಆ ಶುಲ್ಕ ತೆರಲಾರದೆ ಬಿಟ್ಟುಬಿಡುತ್ತಾರೆಂಬ ಟೀಕೆ ವರ್ಷಗಟ್ಟಲೆ ಕೇಳಿಬಂದ ಮೇಲೆ 2022ರ ಜನವರಿಯಲ್ಲಿ ಅದನ್ನು 50 ಡಾಲರಿಗೆ ಇಳಿಸಿದರು. ಈ ಅರ್ಜಿಯನ್ನು ತೀರ್ಮಾನಿಸುವ ಪೆರೋಲ್ ಮಂಡಳಿಗೆ ಕಾಲಮಿತಿ ಇದೆ: ಅರ್ಜಿ ಸ್ವೀಕಾರವಾದ ಮೇಲೆ ಸಣ್ಣ ಅಪರಾಧಕ್ಕೆ ಆರು ತಿಂಗಳು, ದೊಡ್ಡದಕ್ಕೆ ಹನ್ನೆರಡು. ಈ ಮಂಡಳಿ ತೂಗಿ ನೋಡುವುದೂ ಹಳೆಯ ತಪ್ಪನ್ನು ಮತ್ತು ಆಮೇಲಿನ ನಡವಳಿಕೆಯನ್ನೇ. ಅದು ಗಡುವಿನೊಳಗೆ ಮಾಡಲು ಯತ್ನಿಸುವ ಕೆಲಸವನ್ನು ಅಮೆರಿಕದ ಕಚೇರಿ ಗಡುವಿಲ್ಲದೆ ಮಾಡುತ್ತದೆ.

ಆದರೆ ಕೆನಡಾ ಕೊಟ್ಟ ಕ್ಷಮೆಗೆ ಅಮೆರಿಕದ ಗಡಿಯಲ್ಲಿ ಬೆಲೆಯಿಲ್ಲ. ಒಮ್ಮೆ ಅಮೆರಿಕದ ಕಂಪ್ಯೂಟರಿಗೆ ಇಳಿದ ದಾಖಲೆ, ಕೆನಡಾ ತನ್ನ ಕಡತವನ್ನು ಮುಚ್ಚಿದರೂ ಅಲ್ಲೇ ಉಳಿಯುತ್ತದೆ. ಗಾಂಜಾ ವಿಷಯದಲ್ಲಿ ಇದರ ಅಸಂಗತತೆ ಎದ್ದು ಕಾಣುತ್ತದೆ. 2018ರ ಅಕ್ಟೋಬರ್ 17ರಂದು ಕೆನಡಾ ಗಾಂಜಾವನ್ನು ಕಾನೂನುಬದ್ಧ ಮಾಡಿತು. ಮರುವರ್ಷ, ಸ್ವಂತಕ್ಕೆ ಇಟ್ಟುಕೊಂಡಿದ್ದಕ್ಕಾಗಿ ಹಿಂದೆ ಶಿಕ್ಷೆಯಾದವರಿಗೆ ಶುಲ್ಕವಿಲ್ಲದೆ ದಾಖಲೆ ಅಮಾನತು ಮಾಡುವ ಕಾನೂನು ತಂದಿತು. ಹಾಗಿದ್ದೂ, ಇಂದು ಟೊರಾಂಟೊದ ಅಂಗಡಿಯಲ್ಲಿ ರಸೀದಿ ಸಮೇತ ಕೊಳ್ಳಬಹುದಾದ ವಸ್ತುವಿಗಾಗಿ 1980ರಲ್ಲಿ ದಂಡ ಕಟ್ಟಿದ ವ್ಯಕ್ತಿ ನಯಾಗರಾ ನದಿ ದಾಟಲು ವೇವರ್‌ಗಾಗಿ ಕಾಯಬೇಕು. ನದಿಯಾಚೆಯ ನ್ಯೂಯಾರ್ಕ್ ರಾಜ್ಯದಲ್ಲೂ ಅದರ ಮಾರಾಟಕ್ಕೆ ಪರವಾನಗಿ ಇದೆ. ಗಡಿಯಲ್ಲಿ ನಡೆಯುವುದು ಮಾತ್ರ ಅಮೆರಿಕದ ಕೇಂದ್ರ ಕಾನೂನು.

ಕಂಪ್ಯೂಟರುಗಳ ನಡುವೆ ಹರಿಯುವುದು ಶಿಕ್ಷೆಯ ವಿವರ ಮಾತ್ರವೂ ಅಲ್ಲ. 2013ರಲ್ಲಿ ಟೊರಾಂಟೊದ ಒಬ್ಬ ಮಹಿಳೆ ಪ್ರವಾಸಕ್ಕೆ ಹೊರಟು ವಿಮಾನ ನಿಲ್ದಾಣದಲ್ಲಿ ತಡೆಯಲ್ಪಟ್ಟರು. ಅವರು ಯಾವ ಅಪರಾಧವನ್ನೂ ಮಾಡಿದವರಲ್ಲ. ಹಿಂದೆ ಖಿನ್ನತೆಗೆ ಆಸ್ಪತ್ರೆ ಸೇರಿದ್ದ ಸಂಗತಿ ಅಮೆರಿಕದ ಅಧಿಕಾರಿಯ ಕೈಗೆ ಬಂದಿತ್ತು. ಒಂಟಾರಿಯೊದ ಅಂದಿನ ಖಾಸಗಿತನ ಆಯುಕ್ತೆ ಆ್ಯನ್ ಕವೂಕಿಯನ್ ತನಿಖೆ ನಡೆಸಿ 2014ರಲ್ಲಿ ವರದಿ ಕೊಟ್ಟರು. ಆತ್ಮಹತ್ಯೆ ಯತ್ನದ ಕರೆಗೆ ಪೊಲೀಸರು ಹೋದರೆ ಅದರ ಮಾಹಿತಿಯನ್ನು ಕೆನಡಾದ ರಾಷ್ಟ್ರೀಯ ಪೊಲೀಸ್ ದತ್ತಸಂಚಯಕ್ಕೆ ಸೇರಿಸುವ ಪದ್ಧತಿಯಿತ್ತೆಂದೂ, ಆ ದತ್ತಸಂಚಯ ಅಮೆರಿಕದ ಗಡಿ ಅಧಿಕಾರಿಗಳಿಗೆ ತೆರೆದಿತ್ತೆಂದೂ ಅದು ಬಯಲು ಮಾಡಿತು. ಕಷ್ಟದಲ್ಲಿದ್ದಾಗ ಸಹಾಯಕ್ಕೆ ಫೋನ್ ಮಾಡಿದ್ದೇ ಪ್ರಯಾಣಕ್ಕೆ ಅಡ್ಡಿಯಾಗುವುದಾದರೆ, ಎಷ್ಟು ಮನೆಯವರು ಮುಂದಿನ ಸಲ ಫೋನ್ ಎತ್ತಲು ಹಿಂಜರಿಯುತ್ತಾರೆ ಎಂಬುದನ್ನು ಯೋಚಿಸಬೇಕು.

ಅಧಿಕಾರಿಯ ವಿವೇಚನೆಗೆ ಬಿಟ್ಟ ವಿಷಯದಲ್ಲಿ ಹೆಸರು, ಹಣ, ರಾಜಕೀಯ ಎಲ್ಲವೂ ನುಸುಳುತ್ತವೆ. ಜಾನ್ ಲೆನನ್ ಅವರಿಗೆ ಲಂಡನ್ನಿನಲ್ಲಿ 1968ರ ನವೆಂಬರಿನಲ್ಲಿ ಗಾಂಜಾ ಅಂಟು ಇಟ್ಟುಕೊಂಡಿದ್ದಕ್ಕೆ 150 ಪೌಂಡ್ ದಂಡವಾಗಿತ್ತು. 1971ರಲ್ಲಿ ವೇವರ್ ಪಡೆದೇ ಅವರು ಅಮೆರಿಕಕ್ಕೆ ಬಂದರು. ವಿಯೆಟ್ನಾಂ ಯುದ್ಧದ ವಿರುದ್ಧ ದನಿಯೆತ್ತಿದ ಮೇಲೆ, 1972ರಲ್ಲಿ, ಗಡೀಪಾರು ನಡಾವಳಿ ಶುರುವಾಯಿತು. ಆ ದಂಡವನ್ನು ಮುಂದಿಟ್ಟುಕೊಂಡು ಅವರನ್ನು ಹೊರಹಾಕುವುದು ಸಲ್ಲದೆಂದು ಮೇಲ್ಮನವಿ ನ್ಯಾಯಾಲಯ ಹೇಳಿದ್ದು 1975ರ ಅಕ್ಟೋಬರಿನಲ್ಲಿ. ಗ್ರೀನ್ ಕಾರ್ಡ್ ಕೈಗೆ ಬಂದದ್ದು 1976ರ ಜುಲೈ 27ರಂದು. ಹೊರಗೆ ಹೋದರೆ ವಾಪಸು ಬಿಡುತ್ತಾರೋ ಇಲ್ಲವೋ ಎಂಬ ಅನುಮಾನದಲ್ಲಿ ಅವರು ಆ ವರ್ಷಗಳನ್ನು ಅಮೆರಿಕದೊಳಗೇ ಕಳೆದರು.

ಬ್ರಿಟನ್ನಿನಲ್ಲಿ ಬಾಕ್ಸರ್ ಮೈಕ್ ಟೈಸನ್ ಪ್ರಕರಣ ಇನ್ನೊಂದು ಮುಖ. ಅತ್ಯಾಚಾರದಂಥ ಘೋರ ಅಪರಾಧಕ್ಕೆ ಜೈಲು ಕಂಡಿದ್ದ ಅವರನ್ನು 2000ದಲ್ಲಿ ಗೃಹ ಸಚಿವ ಜ್ಯಾಕ್ ಸ್ಟ್ರಾ ಒಳಗೆ ಬಿಟ್ಟರು; ಮ್ಯಾಂಚೆಸ್ಟರಿನ ಪಂದ್ಯಕ್ಕೆ ಟಿಕೆಟ್ ಮಾರಾಟವಾಗಿತ್ತು, ವ್ಯಾಪಾರಿಗಳ ನಷ್ಟದ ಮಾತು ಬಂದಿತ್ತು. ನಾಲ್ಕು ವರ್ಷ ಅಥವಾ ಮೇಲ್ಪಟ್ಟು ಶಿಕ್ಷೆಯಾದವರಿಗೆ ಪ್ರವೇಶವಿಲ್ಲ ಎಂಬ ಕಟ್ಟುನಿಟ್ಟಿನ ನಿಯಮ ಬಂದ ಮೇಲೆ, 2013ರಲ್ಲಿ, ಅದೇ ಟೈಸನ್ ತಮ್ಮ ಪುಸ್ತಕದ ಪ್ರಚಾರವನ್ನು ಲಂಡನ್ ಬಿಟ್ಟು ಪ್ಯಾರಿಸ್ಸಿಗೆ ಒಯ್ಯಬೇಕಾಯಿತು. ಎರಡನೆಯ ತೀರ್ಮಾನ ಕಠಿಣ. ಆದರೂ ಮೊದಲನೆಯದಕ್ಕಿಂತ ಅದನ್ನು ಒಪ್ಪುವುದು ಸುಲಭ. ಅದು ಎಲ್ಲರಿಗೂ ಒಂದೇ ಎಂದು ಮುಂಚೆಯೇ ಗೊತ್ತಿತ್ತು.

ಇಲ್ಲಿ ಒಂದು ಆಕ್ಷೇಪವನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು. ಅವಸರದಲ್ಲಿ ಅಪಾಯಕಾರಿ ವ್ಯಕ್ತಿಯೊಬ್ಬನನ್ನು ಒಳಗೆ ಬಿಟ್ಟು ಅವನಿಂದ ಒಂದು ಜೀವ ಹೋದರೆ ಯಾರು ಹೊಣೆ? ಈ ಭಯ ಸಕಾರಣ. ಹಿಂಸೆಯ, ಮಕ್ಕಳ ಮೇಲಿನ ದೌರ್ಜನ್ಯದ ದಾಖಲೆ ಇರುವವರ ಕಡತವನ್ನು ಎಷ್ಟು ಸಲ ತಿರುವಿ ನೋಡಿದರೂ ಹೆಚ್ಚಲ್ಲ. ಆದರೆ ಹಾಗೆ ನೋಡಲು ಅಧಿಕಾರಿಗೆ ಬಿಡುವು ಸಿಗಬೇಕಾದರೆ, ಮೂವತ್ತು ವರ್ಷ ಹಿಂದಿನ ಅಂಗಡಿ ಕಳವಿನ ಕಡತಗಳು ಅವನ ಮೇಜಿನಿಂದ ತೊಲಗಬೇಕು. ಕೆನಡಾದಲ್ಲಿ ಇದಕ್ಕೆ ದಾರಿಯಿದೆ: ಹೊರದೇಶದವರು ಅಷ್ಟೇನೂ ಗಂಭೀರವಲ್ಲದ ಒಂದೇ ಅಪರಾಧ ಮಾಡಿ, ಶಿಕ್ಷೆ ಮುಗಿದು ಹತ್ತು ವರ್ಷ ಕಳೆದಿದ್ದರೆ, ಸುಧಾರಿಸಿದ್ದಾರೆಂದೇ ಕಾನೂನು ಭಾವಿಸುತ್ತದೆ. ಅರ್ಜಿಯೂ ಬೇಡ, ಶುಲ್ಕವೂ ಬೇಡ. ಅಮೆರಿಕ ಕಲಿಯಬೇಕಾದ ಪಾಠ ಇದು.

ಹಾಗೆಂದು ಕೆನಡಾ ಎಲ್ಲದರಲ್ಲೂ ಮೃದು ಎಂದುಕೊಳ್ಳುವಂತಿಲ್ಲ. 2018ರ ಡಿಸೆಂಬರ್ 18ರಿಂದ ಕುಡಿದು ವಾಹನ ಓಡಿಸುವುದಕ್ಕೆ ಅಲ್ಲಿ ಗರಿಷ್ಠ ಶಿಕ್ಷೆ ಹತ್ತು ವರ್ಷ. ಗರಿಷ್ಠ ಶಿಕ್ಷೆ ಹತ್ತು ವರ್ಷವಾದ ಕ್ಷಣ ಅದು ವಲಸೆ ಕಾನೂನಿನ ಕಣ್ಣಿನಲ್ಲಿ ಗಂಭೀರ ಅಪರಾಧ. ಕೋರ್ಟು ಬರೀ ದಂಡ ಹಾಕಿ ಬಿಟ್ಟರೂ ಲೆಕ್ಕಕ್ಕೆ ಬರುವುದು ಆ ಗರಿಷ್ಠವೇ. ಕರ್ನಾಟಕದಿಂದ ಕೆನಡಾಕ್ಕೆ ಓದಲು ಹೋಗುವವರು, ಅಲ್ಲಿ ಪಿಆರ್, ಅಂದರೆ ಕಾಯಂ ವಾಸದ ಅನುಮತಿ, ಪಡೆದು ನೆಲೆಸಿದವರು ಇದನ್ನು ತಿಳಿದಿರಲೇಬೇಕು: ಶನಿವಾರ ರಾತ್ರಿಯ ಒಂದು ತಪ್ಪು ಸ್ಟಡಿ ಪರ್ಮಿಟ್ಟಿಗೂ ಪಿಆರ್‌ಗೂ ಕುತ್ತು ತರಬಲ್ಲದು. ಅಮೆರಿಕದಲ್ಲಿರುವ ಕನ್ನಡಿಗ ಎಂಜಿನಿಯರುಗಳ ಸ್ಥಿತಿ ಬೇರೆ ಬಗೆಯದು. ಕುಡಿದು ಗಾಡಿ ಓಡಿಸಿ ಬಂಧನಕ್ಕೊಳಗಾದರೆ ಸಾಕು, ಶಿಕ್ಷೆಯಾಗುವ ಮೊದಲೇ ಪಾಸ್‌ಪೋರ್ಟಿನಲ್ಲಿರುವ ವೀಸಾವನ್ನು ರದ್ದು ಮಾಡುವ ಪದ್ಧತಿ 2015ರಿಂದ ಜಾರಿಯಲ್ಲಿದೆ. ಅಮೆರಿಕದೊಳಗೆ ಇರುವಷ್ಟು ದಿನ ಕೆಲಸ ನಡೆಯುತ್ತದೆ. ಅಪ್ಪನಿಗೆ ಹುಷಾರಿಲ್ಲವೆಂದು ಮೈಸೂರಿಗೋ ಹುಬ್ಬಳ್ಳಿಗೋ ಬಂದರೆ ಹೊಸ ವೀಸಾ ಬೇಕು, ಅದಕ್ಕೆ ವೈದ್ಯರ ತಪಾಸಣೆ ಬೇಕು, ಆಮೇಲೆ ಕಾಯಬೇಕು. ಇಂಥ ಹೊತ್ತಿನಲ್ಲಿ ಊರಿಗೆ ಬರಲಾರದೆ, ತಂದೆಯ ಅಂತ್ಯಕ್ರಿಯೆಯನ್ನು ಫೋನಿನಲ್ಲಿ ನೋಡುವ ಗತಿ ಯಾರಿಗೂ ಬರಬಾರದು.

ಅಮೆರಿಕದ ಕಚೇರಿಗೆ ಬುದ್ಧಿ ಹೇಳುವ ಮೊದಲು ನಮ್ಮ ಮನೆಯನ್ನೂ ನೋಡಿಕೊಳ್ಳಬೇಕಾದೀತು. ವಿದೇಶಕ್ಕೆ ಹೋಗುವುದು ಸಂವಿಧಾನದ 21ನೇ ವಿಧಿಯ ವೈಯಕ್ತಿಕ ಸ್ವಾತಂತ್ರ್ಯದ ಭಾಗವೆಂದು ಸುಪ್ರೀಂ ಕೋರ್ಟು 1978ರ ಮೇನಕಾ ಗಾಂಧಿ ತೀರ್ಪಿನಲ್ಲಿ ಎತ್ತಿಹಿಡಿದಿದೆ. ಹೀಗಿದ್ದೂ 1967ರ ಪಾಸ್‌ಪೋರ್ಟ್ ಕಾಯ್ದೆಯ 6ನೇ ಸೆಕ್ಷನ್ ಪ್ರಕಾರ, ಕೋರ್ಟಿನಲ್ಲಿ ಕ್ರಿಮಿನಲ್ ಪ್ರಕರಣ ಬಾಕಿ ಇರುವವರಿಗೆ ಪಾಸ್‌ಪೋರ್ಟ್ ನಿರಾಕರಿಸಬೇಕು. ಬರೀ ಎಫ್‌ಐಆರ್ ಇದ್ದರೆ ಅದನ್ನು ಬಾಕಿ ಪ್ರಕರಣವೆಂದು ಎಣಿಸಬಾರದು, ಕೋರ್ಟು ಅದನ್ನು ವಿಚಾರಣೆಗೆ ಅಂಗೀಕರಿಸಿರಬೇಕು ಎಂದು ವಿದೇಶಾಂಗ ಸಚಿವಾಲಯ 2019ರಲ್ಲಿ ಸ್ಪಷ್ಟಪಡಿಸಿತು. ಅದು ಒಳ್ಳೆಯ ಹೆಜ್ಜೆ. ಆದರೆ ಆರೋಪಪಟ್ಟಿ ಸಲ್ಲಿಕೆಯಾಗಿ ವರ್ಷಗಟ್ಟಲೆ ದಿನಾಂಕದ ಮೇಲೆ ದಿನಾಂಕ ಬೀಳುತ್ತಿರುವ ಪ್ರಕರಣಗಳ ಗತಿಯೇನು? ಊರಿನ ಗಲಾಟೆಯಲ್ಲೋ ರಸ್ತೆ ತಡೆಯಲ್ಲೋ ಹತ್ತಾರು ಹೆಸರುಗಳ ನಡುವೆ ಸೇರಿಹೋದ ಹುಡುಗ ಇನ್ನೂ ತಪ್ಪಿತಸ್ಥನೆಂದು ಸಾಬೀತಾಗಿಲ್ಲ. ದುಬೈನಲ್ಲಿ ಕೆಲಸ ಸಿಕ್ಕರೆ ಅವನು ಮೊದಲು ಹೋಗಬೇಕಾದದ್ದು ಜೆಎಂಎಫ್‌ಸಿ ಕೋರ್ಟಿಗೆ.

1993ರ ಆಗಸ್ಟಿನಲ್ಲಿ ಹೊರಟ ಜಿಎಸ್‌ಆರ್ 570(ಇ) ಎಂಬ ಅಧಿಸೂಚನೆ ಇಂಥವರಿಗೆ ದಾರಿ ಮಾಡಿದೆ. ವಿಚಾರಣೆ ನಡೆಸುತ್ತಿರುವ ಕೋರ್ಟು ಅನುಮತಿಸಿದರೆ ಪಾಸ್‌ಪೋರ್ಟ್ ಕೊಡಬಹುದು. ಎಷ್ಟು ಅವಧಿಗೆ ಎಂದು ಕೋರ್ಟು ಹೇಳದಿದ್ದರೆ ಒಂದೇ ವರ್ಷಕ್ಕೆ. ಅನೇಕ ದೇಶಗಳು ವೀಸಾ ಕೊಡಲು ಪಾಸ್‌ಪೋರ್ಟಿಗೆ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಬೇಕು ಎನ್ನುತ್ತವೆ. ಹಾಗಾಗಿ ಒಂದು ವರ್ಷದ ಪಾಸ್‌ಪೋರ್ಟ್ ನಿಜವಾಗಿ ಬಳಕೆಗೆ ಸಿಗುವುದು ಅರ್ಧ ವರ್ಷ. ಎರಡು ವರ್ಷದ ಕೆಲಸದ ಒಪ್ಪಂದಕ್ಕೆ ಅದು ಸಾಲದು. ಅನುಮತಿ ಅರ್ಜಿಯನ್ನು ಕೋರ್ಟು ಇಷ್ಟು ದಿನದೊಳಗೆ ತೀರ್ಮಾನಿಸಬೇಕು ಎಂಬ ಮಾತೂ ಆ ಅಧಿಸೂಚನೆಯಲ್ಲಿಲ್ಲ. ಏಳು ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಪ್ರಕರಣಗಳಲ್ಲಿ ಕೋರ್ಟು ಬೇರೆ ಹೇಳದಿದ್ದರೆ ಐದು ವರ್ಷದ ಪಾಸ್‌ಪೋರ್ಟ್ ಎಂದು ಬದಲಿಸಲು ಸಂಸತ್ತಿನಲ್ಲಿ ಹೊಸ ಮಸೂದೆ ಬೇಕಿಲ್ಲ. ಕೇಂದ್ರ ಸರ್ಕಾರ ತಾನೇ ಹೊರಡಿಸಿದ ಆ ಅಧಿಸೂಚನೆಯ ಒಂದು ಖಂಡವನ್ನು ತಿದ್ದಿದರೆ ಆಗುವ ಕೆಲಸ ಅದು. ಕರ್ನಾಟಕದ ಸಂಸದರು ಅದನ್ನು ವಿದೇಶಾಂಗ ಸಚಿವಾಲಯದ ಮುಂದೆ ಕೇಳಬೇಕು.